ಕುಂಪಣಿಯ ದಂಡುಗಳ ಸ್ಮಾರಕಗಳೂ ಕನ್ನಡನಾಡಿನ ವೀರಗಲ್ಲುಗಳೂ

೧

ಯುದ್ಧದಲ್ಲಿ ಮಡಿದವನನ್ನು ಮರೆಯಬಾರದೆಂಬ ಭಾವನೆ ಮನುಷ್ಯಜಾತಿಗೆಲ್ಲ ಸಾಮಾನ್ಯವಾದುದು. ಆದರೆ ಮಡಿದವರಲ್ಲಿ ಯಾರ ಹೆಸರನ್ನು ಕಲ್ಲಿನಲ್ಲಿ ಕೆತ್ತಬೇಕು, ಯಾರನ್ನು ಬರಿಯ ಎಣಿಕೆಗೆ ಸೇರಿಸಬೇಕು, ಯಾರನ್ನು ಎಣಿಕೆಯಿಂದಲೂ ಬಿಡಬೇಕು ಎಂಬ ವಿಷಯದಲ್ಲಿ ಒಂದೊಂದು ಕಾಲವೂ ಒಂದೊಂದು ಪ್ರಭುತ್ವವೂ ಬೇರೆ ಬೇರೆ ತೀರ್ಪನ್ನು ಕೊಟ್ಟಿವೆ. ಆದುದರಿಂದ ಸ್ಮಾರಕವು ಮೃತರ ವಿಷಯವಾಗಿ ಎಷ್ಟನ್ನು ಹೇಳುತ್ತದೆಯೋ ಅದನ್ನು ನಿಲ್ಲಿಸಿದವರ ವಿಷಯವಾಗಿಯೂ ಅಷ್ಟನ್ನೇ ಹೇಳುತ್ತದೆ. ಇಂಗ್ಲಿಷರ ದಂಡುಗಳು ಕನ್ನಡನಾಡಿನಲ್ಲಿಯೂ, ಕನ್ನಡನಾಡಿನ ಯುದ್ಧಗಳ ನಿಮಿತ್ತವಾಗಿ ಅನ್ಯತ್ರವೂ ನಿಲ್ಲಿಸಿದ ಸ್ಮಾರಕಗಳನ್ನೂ ಹೆಸರಿನ ಪಟ್ಟಿಗಳನ್ನೂ ಈ ದೃಷ್ಟಿಯಿಂದ ಪರಿಶೀಲಿಸಿ, ನಮ್ಮ ವೀರಗಲ್ಲುಗಳೊಡನೆ ಹೋಲಿಸಿ ನೋಡುವುದು ಈ ಪ್ರಬಂಧದ ಉದ್ದೇಶವಾಗಿದೆ.

ಈ ವಿಚಾರಕ್ಕೆ ತುಳುನಾಡು ತಕ್ಕ ನೆಲೆ. ಬಂಟ್ವಾಳ ತಾಲೂಕಿನ ಮಾಣಿಯಲ್ಲಿ ಇಂದು ಎರಡು ಹೆದ್ದಾರಿಗಳು ಕೂಡುತ್ತವೆ. ಒಂದು ಉಪ್ಪಿನಂಗಡಿಯ ಮಾರ್ಗವಾಗಿ ಘಟ್ಟವನ್ನೇರಿ ಬೆಂಗಳೂರಿಗೆ ಹೋಗುವುದು. ಇನ್ನೊಂದು ಪುತ್ತೂರು, ಸುಳ್ಯಗಳನ್ನು ಹಾದು ಮಡಿಕೇರಿ, ಮೈಸೂರುಗಳಿಗೆ ಹೋಗುವುದು. ಈ ಕೂಡುದಾರಿಯ ಸುತ್ತಣ ಸೀಮೆಯಲ್ಲಿ ಐವತ್ತೈದು ವರ್ಷಗಳ ಒಳಗೆ ಮೂರು ಸಲ ಯುದ್ಧವು ನಡೆಯಿತು. ೧೭೮೩-೮೪ರಲ್ಲಿ ಮಂಗಳೂರಿನ ಮುತ್ತಿಗೆ; ೧೭೯೯-೧೮೦೦ರಲ್ಲಿ ಬೆಳ್ತಂಗಡಿಯ ಬಳಿಯ ಜಮಾಲಾಬಾದ್ ಕೋಟೆಗಾಗಿ ನಡೆದ ಹೋರಾಟ; ೧೮೩೭ರಲ್ಲಿ ಕಲ್ಯಾಣಪ್ಪನ ಕಾಟಕಾಯಿ ಎಂದು ಜನರು ಕರೆಯುವ ದಂಗೆ. ಈ ಮೂರರಲ್ಲಿಯೂ ಎರಡು ಪಕ್ಷದ ಜನರೂ ಸತ್ತರು. ಅವರಲ್ಲಿ ಯಾರು ಯಾರು ಯಾವ ರೀತಿಯಿಂದ ನೆನೆಯಲ್ಪಟ್ಟರೆಂಬುದು ಮುಂದೆ ತಿಳಿದುಬರುವುದು.

೨

ಮೊದಲು ನಮ್ಮ ಪೂರ್ವಿಕರ ಪದ್ಧತಿಯನ್ನು ಸಂಕ್ಷೇಪವಾಗಿ ನೆನೆಯೋಣ. ಕ್ರಿ. ಶ. ೪೫೦ರ ಸುಮಾರಿನದೆಂದು ಎಣಿಸಲ್ಪಟ್ಟಿರುವ ಹಲ್ಮಿಡಿಯ ಶಾಸನವು ಕನ್ನಡದ ಅತಿ ಪ್ರಾಚೀನ ಶಾಸನಗಳಲ್ಲಿ ಅಗ್ರಗಣ್ಯವೆಂಬುದು ವಾಚಕರಿಗೆ ವಿದಿತವೇ ಆಗಿದೆ. ಯುದ್ಧದಲ್ಲಿ ಪರಾಕ್ರಮವನ್ನು ತೋರಿಸಿದ ವಿಜ ಅರಸನಿಗೆ ಎರಡು ಊರುಗಳನ್ನು 'ಬಾಳ್ಗಳ್ಚು' ಎಂದು ಕೊಟ್ಟುದನ್ನು ಅದು ಹೇಳುತ್ತದೆ. ಬಾಳ್ಗಳ್ಚು ಎಂದರೆ ಕತ್ತಿಯನ್ನು ತೊಳೆಯುವುದು. ರಕ್ತದಿಂದ ತೊಯ್ದ ಕತ್ತಿಯನ್ನು ತೊಳೆದು ಕೊಡುವ ಭೂಮಿಗೆ ಆ ಹೆಸರು ಸಂದಿತು. ಮುಂದಿನ ಶತಮಾನಗಳ ಶಾಸನಗಳಲ್ಲಿ ಕಲ್ನಾಡು, ನೆತ್ತರುಗೊಡಗೆ ಮುಂತಾದ ಮಾತುಗಳು ಕಾಣಬರುತ್ತವೆ. ಹೆಸರೂ ಜೀವನೋಪಾಯವೂ ಒಂದೇ ಕಲ್ಲಿನಲ್ಲಿ ಸೇರಿರುವುದನ್ನು ಇಲ್ಲಿ ಗಮನಿಸಬೇಕು. ಸತ್ತವನಿಗೆ ಕೀರ್ತಿ, ಉಳಿದವರಿಗೆ ಹೊಲ; ಇವೆರಡರಲ್ಲಿ ಒಂದನ್ನು ಕೊಟ್ಟು ಇನ್ನೊಂದನ್ನು ಬಿಟ್ಟರೆ ಸಾಲದೆಂದು ಆ ಕಾಲದವರು ಭಾವಿಸಿದ್ದರೆಂದು ತೋರುತ್ತದೆ.

ತುಳುನಾಡಿನಲ್ಲಿಯೂ ಈ ಪದ್ಧತಿಯ ಪ್ರಾಚೀನ ಸಾಕ್ಷ್ಯವುಂಟು. ಉದ್ಯಾವರದ ಆಳುಪ ವೀರಗಲ್ಲುಗಳು ಎಂಟನೆಯ ಶತಮಾನದ ಸುಮಾರಿನವು. ಆಳುಪ ಮನೆತನದೊಳಗೇ ಪಟ್ಟಕ್ಕಾಗಿ ನಡೆದ ಕಾಳಗದಲ್ಲಿ ಉದಯಪುರದ ಬಾಗಿಲಲ್ಲಿ ಬಿದ್ದ ಭಟರನ್ನು ಅವು ನೆನೆಯುತ್ತವೆ. ಇಲ್ಲಿ ಮಡಿದವರು ರಾಜರಲ್ಲ, ರಾಜರ ಆಳುಗಳು. ಆದರೂ ಇವನು ಇಂಥವನು, ಇಂಥವನ ಪಕ್ಷದಲ್ಲಿ ಹೋರಾಡಿ ಸ್ವರ್ಗಸ್ಥನಾದನು ಎಂದು ಕಲ್ಲು ಹೇಳುತ್ತದೆ.

ಹೆಸರನ್ನು ಕೆತ್ತುವುದರಲ್ಲಿ ನಮ್ಮವರು ಎಷ್ಟು ದೂರ ಹೋದರೆಂಬುದಕ್ಕೆ ಆತಕೂರಿನ ಶಾಸನವು ಪ್ರಸಿದ್ಧವಾದ ನಿದರ್ಶನ. ಕ್ರಿ. ಶ. ೯೪೯-೫೦ರ ಈ ಕಲ್ಲು ತಕ್ಕೋಲದ ಯುದ್ಧದ ಸಂಗತಿಯನ್ನು ತಿಳಿಸುವುದರಿಂದ ರಾಜಕೀಯ ಚರಿತ್ರೆಗೆ ಅಮೂಲ್ಯವಾದುದು. ಅದೇ ಕಲ್ಲಿನಲ್ಲಿ, ಗಂಗ ಬೂತುಗನ ವೀರನಾದ ಮಣಲೆರನ ಬೇಟೆನಾಯಿಯು ಹಂದಿಯೊಡನೆ ಹೋರಾಡಿ ಹಂದಿಯನ್ನು ಕೊಂದು ತಾನೂ ಸತ್ತಿತೆಂದೂ, ಆ ನಾಯಿಯ ಹೆಸರು ಕಾಳಿಯೆಂದೂ ಬರೆಯಲ್ಪಟ್ಟಿದೆ. ಸಾವಿರಕ್ಕೂ ಹೆಚ್ಚು ವರ್ಷಗಳ ಬಳಿಕ ನಾವು ಆ ನಾಯಿಯನ್ನು ಹೆಸರು ಹಿಡಿದು ಕರೆಯಬಲ್ಲೆವು. ಮುಂದೆ ಹೇಳಲಿರುವ ಸಂಗತಿಗಳನ್ನು ಓದುವಾಗ ವಾಚಕರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಪ್ರಾರ್ಥನೆ.

೩

ಇನ್ನು ಮಂಗಳೂರಿನ ಮುತ್ತಿಗೆಯ ವಿಚಾರ. ೧೭೮೩ರ ಮಾರ್ಚಿಯಲ್ಲಿ ಮುಂಬಯಿಯ ಕುಂಪಣಿ ಸೈನ್ಯವು ಜನರಲ್ ಮ್ಯಾಥ್ಯೂಸನ ನೇತೃತ್ವದಲ್ಲಿ ಮಂಗಳೂರನ್ನು ಹಿಡಿಯಿತು. ಘಟ್ಟದ ಮೇಲಿನ ಬಿದನೂರು ಆ ಸೈನ್ಯದ ಕೈಗೆ ಬಂದು ಕೆಲವೇ ತಿಂಗಳುಗಳಲ್ಲಿ ಟಿಪ್ಪು ಸುಲ್ತಾನನಿಗೆ ಮರಳಿ ಹೋಯಿತು; ಮ್ಯಾಥ್ಯೂಸನು ಸೆರೆಯಾದನು. ಮೇ ತಿಂಗಳಲ್ಲಿ ಟಿಪ್ಪುವು ಘಟ್ಟವನ್ನಿಳಿದು ಮಂಗಳೂರಿನ ಕೋಟೆಯನ್ನು ಮುತ್ತಿದನು. ಒಳಗಿದ್ದ ಪಡೆಯ ನಾಯಕನು ಕರ್ನಲ್ ಜಾನ್ ಕ್ಯಾಂಪ್ಬೆಲ್. ಅವನೊಡನೆ ೪೨ನೆಯ ಹೈಲ್ಯಾಂಡರ್ ದಂಡಿನ ಎರಡನೆಯ ಪಟಾಲಮೂ ಮುಂಬಯಿಯ ಸಿಪಾಯಿಗಳ ೮ನೆಯ ಪಟಾಲಮೇ ಮೊದಲಾದ ದೇಶೀ ಪಡೆಗಳೂ ಇದ್ದುವು. ಸಂಖ್ಯೆಯಲ್ಲಿ ಗೋರರಿಗಿಂತ ಸಿಪಾಯಿಗಳೇ ಹೆಚ್ಚು. ಆಗಸ್ಟಿನಲ್ಲಿ ಯುದ್ಧವಿರಾಮವಾದರೂ ದಿಗ್ಬಂಧನವು ಸಡಿಲಲಿಲ್ಲ. ಹಸಿವೂ ರೋಗವೂ ಫಿರಂಗಿಗಳಿಗಿಂತ ಹೆಚ್ಚು ಜನರನ್ನು ಕೊಂದುವು. ಕಡೆಗೆ ೧೭೮೪ರ ಜನವರಿ ೩೦ರಂದು ಕ್ಯಾಂಪ್ಬೆಲ್ಲನು ಕೋಟೆಯನ್ನು ಒಪ್ಪಿಸಿದನು. ಉಳಿದವರು ಸೈನಿಕಮರ್ಯಾದೆಯೊಡನೆ ತಲಚೇರಿಗೆ ಹೊರಟರು. ಮಾರ್ಚಿ ೧೧ರಂದು ಮಂಗಳೂರಿನ ಒಪ್ಪಂದವಾಯಿತು. ಅದೇ ತಿಂಗಳ ೨೩ರಂದು ಕ್ಯಾಂಪ್ಬೆಲ್ಲನು ಮುಂಬಯಿಯಲ್ಲಿ ತೀರಿಕೊಂಡನು.

ಈ ಮುತ್ತಿಗೆಯ ನೆನಪು ಎರಡು ರೂಪಗಳಲ್ಲಿ ಉಳಿಯಿತು. ಮೊದಲನೆಯದು ನಾಯಕನ ಸ್ಮಾರಕ: ಕುಂಪಣಿಯ ನಿರ್ದೇಶಕರ ಅಪ್ಪಣೆಯಂತೆ ಮುಂಬಯಿಯ ಇಗರ್ಜಿಯಲ್ಲಿ ಕ್ಯಾಂಪ್ಬೆಲ್ಲನಿಗೆ ಶಿಲಾಸ್ಮಾರಕವು ನಿಲ್ಲಿಸಲ್ಪಟ್ಟಿತು. ಎರಡನೆಯದು ದಂಡಿನ ಬಿರುದು. ೪೨ನೆಯ ದಂಡಿನ ಆ ಎರಡನೆಯ ಪಟಾಲಮು ೧೭೮೬ರಲ್ಲಿ ೭೩ನೆಯ ರೆಜಿಮೆಂಟಾಗಿ ಬೇರೆಯಾಯಿತು. ೧೮೮೧ರಲ್ಲಿ ಮತ್ತೆ ಮೂಲದಂಡಾದ ಬ್ಲ್ಯಾಕ್ ವಾಚಿನೊಡನೆ ಕೂಡಿತು. ಅದರ ಯುದ್ಧಬಿರುದುಗಳಲ್ಲಿ 'ಮಂಗಳೂರು' ಎಂಬ ಹೆಸರು ಸೇರಿತು. ಮುಂಬಯಿಯ ೮ನೆಯ ಪಟಾಲಮು ಈ ಮುತ್ತಿಗೆಯ ಬಳಿಕ ಗ್ರೆನೇಡಿಯರ್ ಪಟಾಲಮೆಂಬ ಗೌರವವನ್ನು ಪಡೆಯಿತು. ಅದಕ್ಕೂ ಅದೇ ಬಿರುದು ಸಂದಿತು. ಈಗಿನ ಭಾರತೀಯ ಸೈನ್ಯದ ಗ್ರೆನೇಡಿಯರ್ಸ್ ರೆಜಿಮೆಂಟು ತನ್ನ ವಂಶವನ್ನು ಆ ಪಟಾಲಮಿನವರೆಗೆ ಎಣಿಸುತ್ತದೆ.

ಊರಿನ ಹೆಸರು ಬಿರುದಾಗುವುದು ಕನ್ನಡಿಗರಿಗೆ ಹೊಸತಲ್ಲ. ಹೊಯ್ಸಳ ವಿಷ್ಣುವರ್ಧನನು ತಲಕಾಡನ್ನು ಗೆದ್ದು 'ತಲಕಾಡುಗೊಂಡ'ನಾದನು. ಆದರೆ ಇವೆರಡಕ್ಕೂ ಒಂದು ಭೇದವಿದೆ. ತಲಕಾಡುಗೊಂಡನು ತಲಕಾಡನ್ನು ಕೊಂಡವನು. ಮಂಗಳೂರಿನ ಬಿರುದನ್ನು ಧರಿಸಿದ ದಂಡುಗಳು ಮಂಗಳೂರನ್ನು ಬಿಟ್ಟುಕೊಟ್ಟು ಹೊರಟವುಗಳು. ಇದು ಜಯದ ಬಿರುದಲ್ಲ, ಸಹನೆಯ ಬಿರುದು. ಹಾಗಿದ್ದ ಮೇಲೆ ಆ ಸಹನೆಯು ಯಾರದೆಂದು ಕೇಳುವುದು ನ್ಯಾಯವಾದ ಪ್ರಶ್ನೆ. ಎಂಟು ತಿಂಗಳಿಗೂ ಹೆಚ್ಚು ಕಾಲ ಹಸಿದವರಲ್ಲಿ ಬಹುಭಾಗವು ಸಿಪಾಯಿಗಳೇ. ಅವರ ಸಹನೆಯು ಪಟಾಲಮಿಗೆ ಸಂದಿತು. ಪಟಾಲಮಿನ ಕೀರ್ತಿಯು ಧ್ವಜಕ್ಕೆ ಸಂದಿತು. ಧ್ವಜದ ಮೇಲೆ ಊರಿನ ಹೆಸರು ಬಂದಿತು. ಊರಿನ ಹೆಸರಿಗೆ ಸ್ಥಳವು ದೊರೆತ ಆ ಬಟ್ಟೆಯಲ್ಲಿ ಮನುಷ್ಯನ ಹೆಸರಿಗೆ ಸ್ಥಳವು ದೊರೆಯಲಿಲ್ಲ. ಇನ್ನು ಕೋಟೆಯ ಹೊರಗೆ ಟಿಪ್ಪುವಿನ ಪಕ್ಷದಲ್ಲಿ ಮಳೆಗಾಲದ ಕೆಸರಿನಲ್ಲಿ ಸತ್ತವರ ವಿಷಯವನ್ನು ಹೇಳತಕ್ಕುದೇನು? ಅವರಿಗೆ ಬಿರುದೂ ಇಲ್ಲ, ಧ್ವಜವೂ ಇಲ್ಲ.

೪

ಶ್ರೀರಂಗಪಟ್ಟಣದಲ್ಲಿ ಇದೇ ಕ್ರಮವು ಕಲ್ಲಿನಲ್ಲಿ ಕಾಣುತ್ತದೆ. ೧೭೯೯ರ ಮೇ ೪ರ ಲಗ್ಗೆಯ ಜ್ಞಾಪಕಾರ್ಥವಾಗಿ ಕೋಟೆಯ ಗೋಡೆಯೊಡೆದ ಸ್ಥಳದ ಬಳಿ ಒಂದು ಸೂಚೀಸ್ತಂಭವಿದೆ. ಇದನ್ನು ನಿಲ್ಲಿಸಿದುದು ಇಂಗ್ಲಿಷರ ಸರಕಾರವಲ್ಲ. ೧೯೦೭ರಲ್ಲಿ ಮೈಸೂರು ಮಹಾರಾಜರ ಸರಕಾರ. ಜನರಲ್ ಹ್ಯಾರಿಸನ ಸೈನ್ಯವನ್ನೂ ಲಗ್ಗೆಯಲ್ಲಿ ಭಾಗವಹಿಸಿದ ಹಾಗೂ ಮಡಿದ ಅಧಿಕಾರಿಗಳನ್ನೂ ಅದು ನೆನೆಯುತ್ತದೆ. ಕಾವೇರಿಯ ತೀರದಲ್ಲಿರುವ ದಂಡಿನ ಸ್ಮಶಾನದಲ್ಲಿ ಮುನ್ನೂರರಷ್ಟು ಸಮಾಧಿಗಳಿವೆ. ಅವುಗಳಲ್ಲಿ ಹಲವು ಡಿ ಮ್ಯೂರನ್ ರೆಜಿಮೆಂಟಿನವರವು. ಇದು ೧೭೮೧ರಲ್ಲಿ ಡಚ್ಚರ ಕುಂಪಣಿಗಾಗಿ ಸ್ವಿಟ್ಸರ್ಲೆಂಡಿನವನೊಬ್ಬನು ಕಟ್ಟಿದ ಬಾಡಿಗೆಯ ದಂಡು. ೧೭೯೫ರಲ್ಲಿ ಸಿಂಹಳದಲ್ಲಿ ಇಂಗ್ಲಿಷರ ಕಡೆಗೆ ಬಂದಿತು. ಆ ಮನೆತನದವರು ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ ಬಂದು ಈ ಸ್ಮಶಾನವನ್ನು ಜೀರ್ಣೋದ್ಧಾರ ಮಾಡಿಸಿದರು. ಎರಡು ಶತಮಾನಗಳ ಬಳಿಕ ಒಂದು ಕುಟುಂಬವು ಸಮುದ್ರವನ್ನು ದಾಟಿ ತನ್ನವರನ್ನು ಹುಡುಕಿಕೊಂಡು ಬರುವುದು ಹೇಗೆ ಸಾಧ್ಯವಾಯಿತು? ಕಲ್ಲಿನ ಮೇಲೆ ಹೆಸರಿದ್ದುದರಿಂದಲೇ. ಹೆಸರಿಲ್ಲದವನನ್ನು ಹುಡುಕಿಕೊಂಡು ಅವನ ಮೊಮ್ಮಕ್ಕಳು ಬರಲಾರರು.

ನಮ್ಮ ಜಿಲ್ಲೆಯ ಉಳಿದೆರಡು ಯುದ್ಧಗಳನ್ನು ನೋಡೋಣ. ಟಿಪ್ಪುವು ೧೭೯೪ರಲ್ಲಿ ಕಟ್ಟಿಸಿದ ಜಮಾಲಾಬಾದ್ ಕೋಟೆ ೧೭೯೯ರಲ್ಲಿ ಕುಂಪಣಿಯ ಕೈಸೇರಿತು. ತಿಮ್ಮನಾಯಕನೆಂಬವನು ಅದನ್ನು ಹಿಡಿದುಕೊಂಡನು. ೧೮೦೦ರಲ್ಲಿ ತಿಂಗಳುಗಟ್ಟಲೆ ಮುತ್ತಿಗೆ ಹಾಕಿ ಕುಂಪಣಿಯವರು ಮತ್ತೆ ವಶಪಡಿಸಿಕೊಂಡರು. ಮಾಣಿಗೆ ಸಮೀಪದ ವಿಟ್ಲದ ಅರಸು ಮನೆತನವೂ ಅದೇ ಕಾಲದಲ್ಲಿ ಕುಂಪಣಿಯ ವಿರುದ್ಧ ನಿಂತು ನಷ್ಟವನ್ನು ಅನುಭವಿಸಿತು. ಬಂಡೆಯಂಥ ಬೆಟ್ಟವು ಮಾತ್ರ ಅಲ್ಲಿ ಹೋರಾಡಿದವರೆಲ್ಲರಿಗೂ ಸಮಾನವಾದ ಸ್ಮಾರಕವಾಗಿ ನಿಂತಿದೆ.

೧೮೩೭ರಲ್ಲಿ ಕೊಡಗು, ಸುಳ್ಯ, ಪುತ್ತೂರುಗಳ ಕಡೆಯಿಂದ ಎದ್ದ ದಂಗೆಕಾರರು ಬಂಟ್ವಾಳವನ್ನು ಹಾದು ಏಪ್ರಿಲ್ ಮೊದಲ ವಾರದಲ್ಲಿ ಮಂಗಳೂರನ್ನು ಹೊಕ್ಕು ಕೆಲವು ದಿನ ತಮ್ಮ ವಶದಲ್ಲಿಟ್ಟುಕೊಂಡರು. ದಂಗೆಯು ಅಡಗಿದ ಮೇಲೆ ಕಲ್ಯಾಣಸ್ವಾಮಿಯೆಂದು ಹೆಸರಿಟ್ಟುಕೊಂಡಿದ್ದ ಪುಟ್ಟಬಸಪ್ಪನನ್ನು ಮಂಗಳೂರಿನ ಬಿಕರ್ನಕಟ್ಟೆಯಲ್ಲಿಯೂ, ಗುಡ್ಡೆಮನೆ ಅಪ್ಪಯ್ಯ ಗೌಡನನ್ನು ಮಡಿಕೇರಿಯ ಕೋಟೆಯಲ್ಲಿಯೂ ನೇಣಿಗೇರಿಸಿದರು. ದಂಗೆಯನ್ನು ಅಡಗಿಸುವುದರಲ್ಲಿ ನೆರವಾದ ಕೊಡವರಿಗೆ ಕುಂಪಣಿ ಸರಕಾರವು ಚಿನ್ನ ಬೆಳ್ಳಿಗಳ ಪದಕಗಳನ್ನು ಕೊಟ್ಟಿತು. ಆ ಪದಕದ ಮೇಲೆ ಕೊಡವ ಯೋಧನ ಆಕೃತಿಯೂ ಕನ್ನಡದ ಬರೆಹವೂ ಇವೆ. ಕುಂಪಣಿಯು ನಮ್ಮ ಭಾಷೆಯನ್ನು ಗೌರವಚಿಹ್ನೆಯಲ್ಲಿ ಬಳಸಿದ ಅಪೂರ್ವ ಸಂದರ್ಭವಿದು. ಬಳಸಿದುದಾದರೂ ನಿಷ್ಠೆಯನ್ನು ಹೊಗಳುವುದಕ್ಕೆ. ಹಳೆಯ ಬಾಳ್ಗಳ್ಚಿನ ಕನ್ನಡವೂ ಒಡೆಯನ ಕಡೆಯ ಕನ್ನಡವೇ ಆಗಿದ್ದಿತೆಂಬುದನ್ನು ಇಲ್ಲಿ ಮರೆಯಲಾಗದು.

ಸೋತವರ ಪಕ್ಷದ ಗೌರವಪಟ್ಟಿಯನ್ನು ಬರೆದವರು ಜನರು. ಅವರು ಅದನ್ನು ಕಲ್ಲಿನಲ್ಲಿ ಬರೆಯಲಿಲ್ಲ, ಬಾಯಲ್ಲಿ ಬರೆದರು. ಸರಕಾರಿ ಕಾಗದಗಳಲ್ಲಿ ದಂಗೆಯೆಂದು ಕರೆಸಿಕೊಂಡುದು ಜನರ ಬಾಯಲ್ಲಿ ಒಬ್ಬ ಮನುಷ್ಯನ ಹೆಸರಿನಿಂದ 'ಕಲ್ಯಾಣಪ್ಪನ ಕಾಟಕಾಯಿ' ಆಯಿತು. ದಂಡಿನ ಧ್ವಜವು ಊರಿನ ಹೆಸರನ್ನು ಹಿಡಿದರೆ ಜನರ ಬಾಯಿ ಆಳಿನ ಹೆಸರನ್ನು ಹಿಡಿಯಿತು. ಕೋಟಿ-ಚೆನ್ನಯರನ್ನು ಗರೋಡಿಗಳಲ್ಲಿ ನಿಲ್ಲಿಸಿ ಪಾಡ್ದನಗಳಲ್ಲಿ ಹಾಡಿಕೊಂಡು ಬಂದ ನಾಡಿಗೆ ಇದು ಸಹಜವಾದ ದಾರಿಯೇ ಸರಿ.

೫

೧೯೧೪ರ ಮಹಾಯುದ್ಧವು ಸ್ಮಾರಕಗಳ ಚರಿತ್ರೆಯಲ್ಲಿ ಒಂದು ದೊಡ್ಡ ಮಾರ್ಪಾಟನ್ನು ತಂದಿತು. ೧೯೧೭ರಲ್ಲಿ ಸ್ಥಾಪಿತವಾದ ಸಾಮ್ರಾಜ್ಯದ ಯುದ್ಧಸಮಾಧಿಗಳ ಆಯೋಗವು, ಸತ್ತವರಲ್ಲಿ ಪದವಿ, ಜನಾಂಗ, ಮತಗಳ ಭೇದವನ್ನೆಣಿಸದೆ ಪ್ರತಿಯೊಬ್ಬನನ್ನೂ ಹೆಸರಿನಿಂದ ಸ್ಮರಿಸಬೇಕೆಂಬ ತತ್ತ್ವವನ್ನು ಅಂಗೀಕರಿಸಿತು. ನಾಯಕನಿಗೆ ಮಾತ್ರ ಕಲ್ಲು ಎಂಬ ಹಿಂದಿನ ಪದ್ಧತಿಯಿಂದ ಸಾಮಾನ್ಯ ಸಿಪಾಯಿಯ ಹೆಸರಿನವರೆಗೆ ಇಳಿದು ಬಂದ ಈ ತತ್ತ್ವವು ಸ್ತುತ್ಯವಾದುದು. ನಮ್ಮ ವೀರಗಲ್ಲಿನ ಪದ್ಧತಿಯೂ ಈ ಸಂಪೂರ್ಣತೆಯನ್ನು ಸಾಧಿಸಿರಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ವೀರಗಲ್ಲು ದೊರೆತುದು ಒಡೆಯನ ಕಣ್ಣಿಗೆ ಬಿದ್ದವನಿಗೆ, ಇಲ್ಲವೆ ಕಲ್ಲನ್ನು ನಿಲ್ಲಿಸಬಲ್ಲ ಬಂಧುಗಳಿದ್ದವನಿಗೆ. ತಕ್ಕೋಲದಲ್ಲಿ ಸತ್ತವರೆಲ್ಲರ ಪಟ್ಟಿಯನ್ನು ಆತಕೂರಿನ ಕಲ್ಲೂ ಕೊಡುವುದಿಲ್ಲ.

ಆದರೆ ಒಪ್ಪಿಕೊಂಡ ತತ್ತ್ವವು ಎಲ್ಲೆಡೆಯೂ ನಡೆದು ಬರಲಿಲ್ಲ. ಫ್ರಾನ್ಸಿನ ನವ್ ಶಪೆಲ್ ಎಂಬಲ್ಲಿ ೧೯೨೭ರಲ್ಲಿ ಅನಾವರಣಗೊಂಡ ಸ್ಮಾರಕದಲ್ಲಿ ೪,೭೦೦ಕ್ಕೂ ಹೆಚ್ಚು ಭಾರತೀಯರ ಹೆಸರುಗಳಿವೆ. ಸಾಮಾನ್ಯ ಸಿಪಾಯಿಗಳ ಹೆಸರುಗಳೂ ಇವೆ. ಎರಡು ವರ್ಷಗಳ ಬಳಿಕ, ೧೯೨೯ರಲ್ಲಿ, ಮೆಸಪೊಟೇಮಿಯದ ಬಸ್ರಾದಲ್ಲಿ ಅನಾವರಣಗೊಂಡ ಸ್ಮಾರಕವು ೪೦,೦೦೦ಕ್ಕೂ ಹೆಚ್ಚು ಜನರನ್ನು ನೆನೆಯುತ್ತದೆ. ಅಲ್ಲಿ ಇಂಗ್ಲಿಷರು ಸಾಮಾನ್ಯ ಸಿಪಾಯಿಗಳವರೆಗೂ ಹೆಸರಿನಿಂದ ಕಾಣಿಸಿಕೊಂಡರು. ಭಾರತೀಯರಲ್ಲಿ ಅಧಿಕಾರಿಗಳಿಗೆ ಮಾತ್ರ ಹೆಸರು, ಉಳಿದವರಿಗೆ ಅವರವರ ದಂಡಿನ ಕೆಳಗೆ ಇಷ್ಟು ಜನ ಎಂಬ ಅಂಕಿ. ಸೈನ್ಯವು ಒಂದೇ, ಯುದ್ಧವೂ ಒಂದೇ. ಯುರೋಪಿನ ಜನರು ನೋಡುವ ಕಲ್ಲಿನಲ್ಲಿ ಹೆಸರು, ಮರುಭೂಮಿಯ ಕಲ್ಲಿನಲ್ಲಿ ಅಂಕಿ! ಹೆಸರುಗಳು ದೊರೆಯಲಿಲ್ಲವೆಂಬ ಸಮಾಧಾನವು ಇದಕ್ಕೆ ಸಾಲದು. ಈ ಅಸಮಾನತೆಯನ್ನು ಆ ಆಯೋಗದ ಉತ್ತರಾಧಿಕಾರಿಯಾದ ಸಂಸ್ಥೆಯೇ ೨೦೨೧ರಲ್ಲಿ ಪ್ರಕಟಿಸಿದ ವರದಿಯಲ್ಲಿ ವಿವರವಾಗಿ ಒಪ್ಪಿಕೊಂಡಿತು. ಹೆಸರಿನಿಂದ ಸ್ಮರಿಸಲ್ಪಡದೆ, ಅಥವಾ ಸ್ಮರಿಸಲ್ಪಡದೆಯೇ ಉಳಿದವರು ಕಡಿಮೆಯೆಂದರೆ ೧,೧೬,೦೦೦ ಮಂದಿ, ಪ್ರಾಯಶಃ ೩,೫೦,೦೦೦ ಮಂದಿ ಎಂದು ಅದರ ಲೆಕ್ಕ. ಅವರಲ್ಲಿ ಬಹುಮಂದಿ ಆಫ್ರಿಕ ಮತ್ತು ಪಶ್ಚಿಮ ಏಷ್ಯದ ರಣರಂಗಗಳಲ್ಲಿ ಮಡಿದವರು. ಭಾರತದ ಹಲವು ಹಳ್ಳಿಗಳಲ್ಲಿ ಗೋಡೆಗೆ ಹಾಕಿದ ಅಮೃತಶಿಲೆಯ ಫಲಕಗಳೂ, ಈ ಊರಿನಿಂದ ಇಷ್ಟು ಜನ ಯುದ್ಧಕ್ಕೆ ಹೋದರು, ಇಷ್ಟು ಜನ ಪ್ರಾಣವನ್ನು ಕೊಟ್ಟರು ಎಂದು ಎಣಿಸಿ ಸುಮ್ಮನಾಗುತ್ತವೆ. ಒಬ್ಬರನ್ನೊಬ್ಬರು ಮನೆತನದಿಂದ ಗುರುತಿಸುವ ಹಳ್ಳಿಯಲ್ಲಿಯೇ ಹೆಸರಿಗೆ ಬದಲಾಗಿ ಅಂಕಿಯನ್ನು ಕೆತ್ತಿದುದು ವಿಚಿತ್ರವಾಗಿದೆ.

ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮದ್ರಾಸಿನ ೬೧, ೬೪ ಮತ್ತು ೮೧ನೆಯ ಪಯೊನೀರ್ ದಂಡುಗಳ ಸ್ಮಾರಕವಿದೆ. ರಸ್ತೆ, ಸೇತುವೆ, ಕಂದಕಗಳನ್ನು ಮಾಡುವುದು ಈ ದಂಡುಗಳ ಮುಖ್ಯ ಕೆಲಸ. ಪೂರ್ವ ಆಫ್ರಿಕ, ಮೆಸಪೊಟೇಮಿಯ, ವಾಯವ್ಯ ಗಡಿಗಳಲ್ಲಿ ಅವುಗಳ ಜನರು ಮಡಿದರು. ೧೯೩೩ರಲ್ಲಿ ಮದ್ರಾಸ್ ಪಯೊನೀರ್ ದಂಡೇ ವಿಸರ್ಜಿತವಾಯಿತು. ಇಂದು ಆ ದಂಡಿಗೆ ಆ ಕಲ್ಲೇ ಶರೀರ. ಮೈಸೂರು ಲ್ಯಾನ್ಸರ್ಸ್ ಅಶ್ವದಳವು ೧೯೧೮ರ ಸೆಪ್ಟೆಂಬರ್ ೨೩ರಂದು ಜೋಧಪುರದವರೊಡನೆ ಹೈಫಾ ಪಟ್ಟಣವನ್ನು ಗೆದ್ದುದು ಪ್ರಸಿದ್ಧ ಸಂಗತಿ. ದಿಲ್ಲಿಯ ತೀನ್ ಮೂರ್ತಿಗಳಲ್ಲಿ ಜೋಧಪುರ, ಹೈದರಾಬಾದುಗಳೊಡನೆ ಮೈಸೂರಿನ ಭಟನೂ ನಿಂತಿದ್ದಾನೆ. ಆ ಚೌಕಕ್ಕೆ ೨೦೧೮ರಲ್ಲಿ ಹೈಫಾದ ಹೆಸರನ್ನು ಕೂಡಿಸಲಾಯಿತು.

೬

ಪರರ ದಂಡುಗಳ ಈ ಕಲ್ಲುಗಳನ್ನು ನಾವು ಏನು ಮಾಡಬೇಕು? ೧೭೯೧ರ ಬೆಂಗಳೂರಿನ ಮುತ್ತಿಗೆಯಲ್ಲಿ ಇಂಗ್ಲಿಷರ ಪಕ್ಷದಲ್ಲಿ ಮಡಿದವರ ನೆನಪಿಗಾಗಿ ಆ ನಗರದಲ್ಲಿ ನಿಂತಿದ್ದ ಸ್ತಂಭವು ೧೯೬೪ರಲ್ಲಿ ಕೆಡವಲ್ಪಟ್ಟಿತು. ನಮ್ಮ ನಾಡನ್ನು ಮುತ್ತಿದವರ ಕೀರ್ತಿಸ್ತಂಭವು ನಮ್ಮ ಚೌಕದಲ್ಲಿ ಏಕೆ ಇರಬೇಕೆಂಬ ಆಕ್ಷೇಪಣೆಯು ಅರ್ಥವಿಲ್ಲದುದಲ್ಲ. ಸ್ವತಂತ್ರ ಭಾರತದ ಸೈನ್ಯವು ಭಾರತದ ರಾಜ್ಯಗಳ ಮೇಲೆಯೇ ನಡೆದ ಯುದ್ಧಗಳ ಬಿರುದುಗಳನ್ನು ಉತ್ಸವವಾಗಿ ಆಚರಿಸುವುದನ್ನು ಕೈಬಿಟ್ಟುದೂ ಇದೇ ಕಾರಣದಿಂದ. ಆದರೆ ಉತ್ಸವವನ್ನು ಬಿಡುವುದು ಬೇರೆ, ದಾಖಲೆಯನ್ನು ಕೆಡವುವುದು ಬೇರೆ. ಅಧಿಕಾರಿಗಳ ಹೆಸರುಗಳನ್ನು ಸಾಲಾಗಿ ಕೆತ್ತಿ ಸಿಪಾಯಿಯ ಹೆಸರನ್ನು ಬಿಟ್ಟ ಕಲ್ಲೇ ಸಿಪಾಯಿಗೆ ಆದ ಅನ್ಯಾಯಕ್ಕೆ ಸಾಕ್ಷಿ. ಅದನ್ನು ಒಡೆದರೆ ಅಧಿಕಾರಿಯ ಹೆಸರು ಇಂಗ್ಲೆಂಡಿನ ಕಾಗದಗಳಲ್ಲಿ ಉಳಿಯುತ್ತದೆ. ನಮ್ಮವನಿಗೆ ಆದ ಅನ್ಯಾಯದ ಸಾಕ್ಷಿ ಮಾತ್ರ ಹಾಳಾಗುತ್ತದೆ. ಶತ್ರುವಿನ ಪ್ರಶಸ್ತಿಶಾಸನವನ್ನೂ ಅಕ್ಷರಶಃ ಓದಿ ಅಚ್ಚುಮಾಡುವ ಶಾಸನಶಾಸ್ತ್ರವು ಈ ಕಲ್ಲುಗಳಿಗೂ ಅದೇ ನ್ಯಾಯವನ್ನು ಸಲ್ಲಿಸಬೇಕು.

ನಾವು ಹೊಸದಾಗಿ ನಿಲ್ಲಿಸುವ ಸ್ಮಾರಕಗಳಲ್ಲಿಯೂ ಎಚ್ಚರವು ಅವಶ್ಯ. ೨೦೨೨ರಲ್ಲಿ ಮಂಗಳೂರಿನ ಬಾವುಟಗುಡ್ಡೆಯಲ್ಲಿ ೧೮೩೭ರ ದಂಗೆಯ ನಾಯಕರಲ್ಲೊಬ್ಬನಾದ ಕೆದಂಬಾಡಿ ರಾಮಯ್ಯ ಗೌಡನ ಪ್ರತಿಮೆಯು ಸ್ಥಾಪಿತವಾಯಿತು. ಇದು ಯೋಗ್ಯವಾದ ಕಾರ್ಯ. ಆದರೆ ನಾಯಕನಿಗೆ ಪ್ರತಿಮೆ, ಹಿಂಬಾಲಿಸಿದವರಿಗೆ ಮೌನ ಎಂಬಲ್ಲಿಗೇ ನಿಂತರೆ ನಾವು ಕುಂಪಣಿಯ ಪದ್ಧತಿಯನ್ನೇ ಮುಂದುವರಿಸಿದಂತಾಗುವುದು. ಪುತ್ತೂರು, ಬಂಟ್ವಾಳಗಳ ಹಾದಿಯಲ್ಲಿ ನಡೆದುಹೋದ ಒಕ್ಕಲುಗಳ ಹೆಸರುಗಳು ಮನೆತನದ ಮಾತುಗಳಲ್ಲಿ, ಕೋರ್ಟಿನ ಕಡತಗಳಲ್ಲಿ, ಪಾಡ್ದನಗಳಲ್ಲಿ ಎಷ್ಟು ದೊರೆಯುವುವೋ ಅಷ್ಟನ್ನು ಸಂಗ್ರಹಿಸುವುದು ಮುಖ್ಯ. ಅದೇ ರೀತಿ, ಇಂಗ್ಲಿಷರ ದಂಡಿನಲ್ಲಿ ದುಡಿದು ದೂರದೇಶಗಳಲ್ಲಿ ಸತ್ತ ನಮ್ಮ ಸೀಮೆಗಳವರ ಹೆಸರುಗಳನ್ನು ದಂಡಿನ ದಾಖಲೆಗಳಿಂದ ತೆಗೆದು ಊರುಊರಿಗೆ ಹಂಚುವುದೂ ಮುಖ್ಯ. ಅವರು ಯಾರ ಪಕ್ಷದಲ್ಲಿ ಹೋರಾಡಿದರೆಂಬುದು ಚರಿತ್ರೆಯ ವಿಚಾರ. ಅವರು ಯಾರು ಎಂಬುದು ಅದಕ್ಕಿಂತ ಮೊದಲಿನ ವಿಚಾರ. ಸಾಹಿತ್ಯದ ಉಪಾಧ್ಯಾಯರು ವೀರಗಲ್ಲಿನ ಪಾಠವನ್ನು ಹೇಳುವಾಗ ತಮ್ಮ ಊರಿನ ಅಂತಹ ಫಲಕವೊಂದನ್ನು ವಿದ್ಯಾರ್ಥಿಗಳಿಂದ ಓದಿಸಿ, ಅದರಲ್ಲಿ ಯಾರಿದ್ದಾರೆ, ಯಾರಿಲ್ಲ ಎಂದು ಬರೆಯಿಸಿದರೆ ಈ ಕೆಲಸವು ಆರಂಭವಾದಂತೆಯೇ ಸರಿ.

ಬೇಟೆಯಲ್ಲಿ ಸತ್ತ ನಾಯಿಯೊಂದರ ಹೆಸರನ್ನು ಕಾಪಾಡಿದ ಭಾಷೆ ನಮ್ಮದು. ಮಂಗಳೂರಿನ ಕೋಟೆಯ ಒಳಗೂ ಹೊರಗೂ, ಜಮಾಲಾಬಾದಿನ ಬಂಡೆಯ ಕೆಳಗೂ, ಬಸ್ರಾದ ಮರಳಿನಲ್ಲಿಯೂ ಬಿದ್ದ ಮನುಷ್ಯರ ಹೆಸರುಗಳನ್ನು ಹುಡುಕುವ ಹೊಣೆಯು ಆ ಭಾಷೆಯನ್ನು ಓದುವವರ ಮೇಲೂ ಬರೆಯುವವರ ಮೇಲೂ ಇದೆ.